ಇಟ್ಟಿಗೆ ಹೊದಿಸಿದ ಗೋಡೆ: ಓದುಗರು ಕೇಳಿದ್ದು, ನಾವು ಹೇಳಿದ್ದು

ಈ ಸಲದ ಅಂಚೆಯಲ್ಲಿ ಮುಕ್ಕಾಲು ಪಾಲು ಇಟ್ಟಿಗೆ ಕ್ಲ್ಯಾಡಿಂಗ್, ಅಂದರೆ ಗೋಡೆಯ ಮೈಗೆ ಹಾಕುವ ಇಟ್ಟಿಗೆ ಹೊದಿಕೆಯ ಬಗ್ಗೆಯೇ ಇತ್ತು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿಕೊಂಡು ಉತ್ತರಿಸಿದ್ದೇವೆ.

ಪ್ರಶ್ನೆ: ಮನೆಯ ಎದುರುಭಾಗ ಇಟ್ಟಿಗೆಯಂತೆ ಕಾಣಬೇಕೆಂದು ಆಸೆ. ಎಂಜಿನಿಯರು ಟೈಲು ಅಂಟಿಸಿದರೆ ಸಾಕು ಅನ್ನುತ್ತಾರೆ. ಮೇಸ್ತ್ರಿ ಮಾತ್ರ ಮುಂದೆ ಇನ್ನೊಂದು ನಾಲ್ಕೂವರೆ ಇಂಚಿನ ಗೋಡೆ ಎತ್ತೋಣ ಅನ್ನುತ್ತಾರೆ. ಈಗಿರುವುದು 6 ಇಂಚಿನ ಸಾಲಿಡ್ ಬ್ಲಾಕ್ ಗೋಡೆ. ಬಾಗಿಲು ಕಿಟಕಿ ಕಳೆದು 320 ಚದರ ಅಡಿ. ಯಾವುದು ಸರಿ? ಎಷ್ಟು ಸಾಮಾನು ತರಿಸಬೇಕು? (ತುಮಕೂರು)

ಉತ್ತರ: ನಿಮ್ಮ ಎಂಜಿನಿಯರು ಹೇಳಿದ್ದೇ ಸರಿ. ಕಾರಣ ತೂಕ. ಸುಮಾರು 18 ಮಿ.ಮೀ. ದಪ್ಪದ ಇಟ್ಟಿಗೆ ಟೈಲು, ಅದನ್ನು ಅಂಟಿಸುವ ಗಮ್ಮು, ಟೈಲುಗಳ ನಡುವಿನ ಸಂದಿನ ಗಾರೆ ಎಲ್ಲ ಸೇರಿ ಚದರ ಅಡಿಗೆ ನಾಲ್ಕು, ನಾಲ್ಕೂವರೆ ಕಿಲೋ ಬರುತ್ತದೆ. ಅಂದರೆ ನಿಮ್ಮ ಗೋಡೆಗೆ ಒಂದೂವರೆ ಟನ್ನಿನೊಳಗೆ ಮುಗಿಯಿತು, ಅದನ್ನು ಗೋಡೆಯೇ ಹೊರುತ್ತದೆ. ನಾಲ್ಕೂವರೆ ಇಂಚಿನ ಗೋಡೆಯಾದರೆ ಚದರ ಅಡಿಗೆ 20 ಕಿಲೋ, ಒಟ್ಟು ಆರು ಟನ್ನಿನ ಮೇಲೆ. ಅಷ್ಟನ್ನು ಹೊರಲು ಕೆಳಗೆ ಪಾಯ ಬೇಕು. ಕಟ್ಟಿ ಮುಗಿದ ಮನೆಯ ಪಕ್ಕದ ತುಂಬುಮಣ್ಣಿನ ಮೇಲೆ ಎರಡು ಸಾಲು ಸೈಜುಗಲ್ಲಿಟ್ಟು ಗೋಡೆ ಎತ್ತಿದರೆ ಮೊದಲ ಮಳೆಗಾಲಕ್ಕೇ ಅದು ಕುಸಿದು, ಹಳೆ ಗೋಡೆಯಿಂದ ಬಾಯಿಬಿಟ್ಟು ನಿಲ್ಲುತ್ತದೆ. ಪಾಯ ತೋಡುವಾಗಲೇ ಯೋಚಿಸಿದ್ದಿದ್ದರೆ ಮಾತು ಬೇರೆ. ಆಗ ಹೊದಿಕೆಯ ಗೊಡವೆಯೇ ಬೇಡವಿತ್ತು. ಮಾಲೂರು ಕಡೆಯ ವೈರ್‌ಕಟ್ (ಯಂತ್ರದಲ್ಲಿ ತಂತಿಯಿಂದ ಕತ್ತರಿಸಿದ) ಇಟ್ಟಿಗೆಯಲ್ಲೇ ಆ ಗೋಡೆ ಕಟ್ಟಿ ಗಿಲಾವು ಮಾಡದೆ ಬಿಡಬಹುದಿತ್ತು.

ಈಗ ಲೆಕ್ಕ. 9×3 ಇಂಚಿನ (230×75 ಮಿ.ಮೀ.) ಟೈಲು, 10 ಮಿ.ಮೀ. ಸಂದು ಎಂದಿಟ್ಟುಕೊಂಡರೆ ಚದರ ಅಡಿಗೆ ನಾಲ್ಕೂವರೆ ಟೈಲು. 320 ಅಡಿಗೆ 1,440. ಒಡೆದದ್ದು, ಕತ್ತರಿಸಿದ್ದು ಅಂತ ನೂರಕ್ಕೆ ಎಂಟು ಸೇರಿಸಿ 1,560 ತರಿಸಿ. ಎಲ್ಲವನ್ನೂ ಒಂದೇ ಲೋಡಿನಲ್ಲಿ ತರಿಸಿ, ಏಕೆಂದರೆ ಇಟ್ಟಿಗೆ ಸುಡುವ ಗೂಡಿನಿಂದ ಗೂಡಿಗೆ ಬಣ್ಣ ಬದಲಾಗುತ್ತದೆ. ಆಮೇಲೆ ಬೇಕಾದ ನೂರು ಟೈಲು ಆ ಬಣ್ಣದ್ದೇ ಸಿಗುತ್ತದೆಂಬ ನೆಚ್ಚಿಕೆಯಿಲ್ಲ. ಮೂಲೆಗಳಿಗೆ ‘ಎಲ್’ ಆಕಾರದ ತುಂಡು ಸಿಕ್ಕಿದರೆ ಬಿಡಬೇಡಿ. ಹತ್ತು ಅಡಿ ಎತ್ತರದ ಒಂದು ಮೂಲೆಗೆ 36 ಬೇಕು. ಟೈಲ್ ಗಮ್ಮು 20 ಕಿಲೋ ಚೀಲಕ್ಕೆ 25ರಿಂದ 30 ಅಡಿ ಬರುತ್ತದೆ, ಅಲ್ಲಿಗೆ 12 ಚೀಲ. ಚೀಲದ ಮೇಲೆ 50 ಅಡಿ ಎಂದು ಅಚ್ಚು ಹಾಕಿದ್ದರೂ ಅದು 3 ಮಿ.ಮೀ. ದಪ್ಪಕ್ಕೆ ಹಾಕಿದ ಲೆಕ್ಕ. ಇಟ್ಟಿಗೆ ಟೈಲಿನ ಬೆನ್ನಿನ ಗೀರುಗಳೇ ಅದರಲ್ಲಿ ಅರ್ಧ ನುಂಗುತ್ತವೆ. ಚೀಲದ ಮೇಲೆ ಐಎಸ್ (ಭಾರತೀಯ ಮಾನಕ) 15477 ಗುರುತಿದೆಯೇ, ಹೊರಗೋಡೆಗೆ ಹೇಳಿದ ಟೈಪ್ 3 ಅಥವಾ ಅದಕ್ಕೂ ಮೇಲಿನದೇ ನೋಡಿಕೊಳ್ಳಿ. ಸಂದು ತುಂಬಲು ಒಂದು ಮೂಟೆ ಸಿಮೆಂಟು, ಮೂರೂವರೆ ಘನ ಅಡಿ ಸಣ್ಣ ಜರಡಿ ಹಿಡಿದ ಮರಳು ಸಾಕು.

ಪ್ರಶ್ನೆ: ಐದು ವರ್ಷದ ಹಿಂದೆ ಬಣ್ಣ ಹೊಡೆಸಿದ ಹೊರಗೋಡೆ, ಚೆನ್ನಾಗಿಯೇ ಇದೆ. ಅದರ ಮೇಲೇ ಟೈಲು ಅಂಟಿಸಬಹುದೇ? ಅಂಗಡಿಯವರು ‘ಏನೂ ಆಗಲ್ಲ, ಹಾಕಿ’ ಅನ್ನುತ್ತಿದ್ದಾರೆ. (ಹಾಸನ)

ಉತ್ತರ: ಹಾಕಬೇಡಿ. ಗಮ್ಮು ಒಳ್ಳೆಯದೇ ಇರಬಹುದು. ಆದರೆ ಅದು ಹಿಡಿದುಕೊಳ್ಳುವುದು ಬಣ್ಣವನ್ನು, ಬಣ್ಣ ಪುಟ್ಟಿಯನ್ನು, ಪುಟ್ಟಿ ಗಾರೆಯನ್ನು. ಈ ಸರಪಳಿಯಲ್ಲಿ ಪುಟ್ಟಿ ಎಲ್ಲಕ್ಕಿಂತ ಬಡಕಲು. ಹೀಗೆ ಬಿದ್ದ ಟೈಲನ್ನು ತಿರುಗಿಸಿ ನೋಡಿ: ಬೆನ್ನಿಗೆ ಗಮ್ಮು ಗಟ್ಟಿಯಾಗಿಯೇ ಅಂಟಿರುತ್ತದೆ, ಅದರ ಮೇಲೊಂದು ತೆಳ್ಳನೆ ಬಿಳಿ ಹಪ್ಪಳ ಕಾಣುತ್ತದೆ. ಅದೇ ಪುಟ್ಟಿ.

ಬಣ್ಣ, ಪುಟ್ಟಿ ಎರಡನ್ನೂ ಗ್ರೈಂಡರಿನಿಂದ ಗಾರೆ ಕಾಣುವ ತನಕ ತೆಗೆಸಿ. ಆಮೇಲೆ ಗಾರೆಯ ಮೈಯನ್ನು ಕೊಚ್ಚಿಸಿ: ಎರಡಿಂಚಿಗೊಂದು ಏಟು, 3 ಮಿ.ಮೀ. ಆಳ. ಹಾಗೆ ಕೊಚ್ಚುವಾಗ ಸುತ್ತಿಗೆಯ ಹಿಡಿಯಿಂದ ಗೋಡೆಯನ್ನೆಲ್ಲ ತಟ್ಟುತ್ತಾ ಬನ್ನಿ. ಡೊಬ್ ಡೊಬ್ ಎಂದ ಕಡೆ ಗಾರೆ ಗೋಡೆಯನ್ನು ಬಿಟ್ಟಿರುತ್ತದೆ. ಅಲ್ಲಿ ಬ್ಲಾಕ್ ಕಾಣುವವರೆಗೆ ಕಿತ್ತು 1:4 ಗಾರೆ (ಒಂದು ಪಾಲು ಸಿಮೆಂಟು, ನಾಲ್ಕು ಪಾಲು ಮರಳು) ಹಾಕಿ, ಏಳು ದಿನ ನೀರು ಹೊಡೆದು, ಮೂರು ವಾರ ಒಣಗಲು ಬಿಡಿ. ಪಿಲ್ಲರು ಮತ್ತು ಬ್ಲಾಕು ಸೇರುವ ಗೆರೆಯ ಎರಡೂ ಬದಿಗೆ ಆರಾರು ಇಂಚು ಚಿಕನ್ ಮೆಶ್ (ತೆಳು ತಂತಿಯ ಬಲೆ) ಇರಲೇಬೇಕು. ಹೊಸ ಗಾರೆಗೆ ನುಣುಪು ಬೇಡ. ಕರಣೆ ಎಳೆದು ಸಿಮೆಂಟು ಹಾಲು ಬರಿಸುವ ಮೇಸ್ತ್ರಿಗಳಿಗೆ ಮೊದಲೇ ಹೇಳಿಡಿ.

ಪ್ರಶ್ನೆ: ನಮ್ಮ ಮೇಸ್ತ್ರಿ ಬಾತ್‌ರೂಮ್ ಟೈಲು ಹಾಕುವುದರಲ್ಲಿ ಗಟ್ಟಿಗರು, ಇಟ್ಟಿಗೆ ಟೈಲು ಮಾತ್ರ ಇದೇ ಮೊದಲು. ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಎಚ್ಚರ ಬೇಕು, ವಿವರವಾಗಿ ತಿಳಿಸಿ. (ದಾವಣಗೆರೆ)

ಉತ್ತರ: ಬಾತ್‌ರೂಮಿನ ಟೈಲು ನೀರು ಕುಡಿಯುವುದಿಲ್ಲ, ಇಟ್ಟಿಗೆ ಕುಡಿಯುತ್ತದೆ. ಮಿಕ್ಕ ವ್ಯತ್ಯಾಸಗಳೆಲ್ಲ ಇದರ ಮಕ್ಕಳು.

ಹಿಂದಿನ ದಿನವೇ ಟೈಲಿನ ಬೆನ್ನನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ತೊಳೆದು, ನೆರಳಿನಲ್ಲಿ ಹರಡಿ. ಕೆಂಪು ಧೂಳು ಉಳಿದರೆ ಗಮ್ಮು ಧೂಳಿಗೆ ಅಂಟುತ್ತದೆ, ಇಟ್ಟಿಗೆಗಲ್ಲ. ಹಚ್ಚುವ ಹೊತ್ತಿಗೆ ಟೈಲು ಒಳಗೆ ತೇವವಾಗಿ, ಮೇಲೆ ಒಣಗಿರಬೇಕು. ಪೂರಾ ಒಣಗಿದ್ದು ಗಮ್ಮಿನ ನೀರನ್ನು ಗಳಿಗೆಯಲ್ಲಿ ಹೀರಿ ಅದನ್ನು ಪುಡಿ ಮಾಡುತ್ತದೆ. ತೊಟ್ಟಿಕ್ಕುವಷ್ಟು ನೆಂದದ್ದು ಜಾರುತ್ತದೆ.

ಪೆಟ್ಟಿಗೆಯೊಂದನ್ನು ಖಾಲಿ ಮಾಡಿ ಇನ್ನೊಂದಕ್ಕೆ ಕೈ ಹಾಕುವ ಅಭ್ಯಾಸ ಇಲ್ಲಿ ನಡೆಯದು. ನಾಲ್ಕೈದು ಪೆಟ್ಟಿಗೆ ಬಿಚ್ಚಿ ಎಲ್ಲದರಿಂದಲೂ ಬೆರೆಸಿ ಎತ್ತಿಕೊಳ್ಳಬೇಕು. ಇಲ್ಲವಾದರೆ ಗೋಡೆಯಲ್ಲಿ ಕಡುಗೆಂಪಿನ ತೇಪೆ ಎದ್ದು ಕಾಣುತ್ತದೆ, ಅದನ್ನು ಮರೆಸಲು ಯಾವ ಪಾಲಿಷಿಗೂ ಆಗದು.

ಮೊದಲು ಸಾಲಿನ ಲೆಕ್ಕ. ಒಂದು ಸಾಲು ಅಂದರೆ 75 ಮಿ.ಮೀ. ಟೈಲು, 10 ಮಿ.ಮೀ. ಸಂದು, ಒಟ್ಟು 85. ಹತ್ತು ಅಡಿಯ ಗೋಡೆಗೆ 36 ಸಾಲಿಗೆ ಚೂರು ಕಡಿಮೆ ಬರುತ್ತದೆ. ಹಾಗೆಂದು ಮೇಲಿನ ಸಾಲನ್ನು ಸೀಳಬೇಕಿಲ್ಲ; ಎಲ್ಲ ಸಂದುಗಳನ್ನೂ 9.7 ಮಿ.ಮೀ.ಗೆ ಇಳಿಸಿದರೆ ಸರಿಯಾಗಿ 36 ಸಾಲು ಕೂರುತ್ತದೆ, ಆ ಕೂದಲೆಳೆ ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ರೀಪಿನ ಮೇಲೆ ಈ ಅಳತೆಯಲ್ಲಿ 36 ಗುರುತು ಹಾಕಿ ಗೋಡೆಯ ಎರಡೂ ತುದಿಗೆ ಒರಗಿಸಿಕೊಂಡರೆ ಪ್ರತಿ ಸಾಲಿಗೂ ನೂಲು ಕಟ್ಟುವುದು ಸುಲಭ. ಕಿಟಕಿಯ ಅಡಿ, ತಲೆ ಎರಡೂ ಯಾವ ಗುರುತಿಗೆ ಬರುತ್ತವೆಂದು ಆಗಲೇ ನೋಡಿಡಿ. ಕಿಟಕಿಯ ಮೇಲೆ ಅರ್ಧ ಇಂಚಿನ ಸೀಳು ಟೈಲು ಹಾಕುವ ಪಾಡು ಬಂದರೆ ಅದು ಗಮ್ಮಿನ ತಪ್ಪಲ್ಲ, ರೀಪು ಹಿಡಿಯದವರ ತಪ್ಪು.

ನೆಲದಿಂದ ಆರು ಇಂಚು ಬಿಟ್ಟು, ರಸಮಟ್ಟ ಹಿಡಿದು, ಗೋಡೆಗೊಂದು ನೇರ ಪಟ್ಟಿ ಬಡಿಯಿರಿ. ಮೊದಲ ಸಾಲು ಅದರ ಮೇಲೆ ಕೂರಲಿ. ನೆಲಕ್ಕೆ ತಾಗಿಸಿದರೆ ಮಳೆನೀರು ಎರಚಿ, ಮಣ್ಣಿನ ತೇವ ಏರಿ, ಆ ಸಾಲೇ ಮೊದಲು ಹಾಳಾಗುತ್ತದೆ. ಮೂಲೆಯ ತುಂಡುಗಳನ್ನು ಮೊದಲು ಕೂರಿಸಿ, ಉದ್ದ ಕಾಲು ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಬರುವಂತೆ. ಆಮೇಲೆ ನಡುವೆ ತುಂಬುತ್ತಾ ಬನ್ನಿ.

ಗಮ್ಮಿಗೆ ಚೀಲದ ಮೇಲೆ ಹೇಳಿದಷ್ಟೇ ನೀರು, 20 ಕಿಲೋಗೆ ಸಾಮಾನ್ಯವಾಗಿ ಐದು ಲೀಟರಿನ ಆಸುಪಾಸು. ನೀರಿಗೆ ಪುಡಿ ಹಾಕಬೇಕು, ಪುಡಿಗೆ ನೀರಲ್ಲ. ಕಲಸಿ ಐದು ನಿಮಿಷ ಬಿಟ್ಟು ಮತ್ತೆ ಕಲಸಿ. ಬಾಂಡಲಿಯಲ್ಲಿ ಬಿರುಸಾಗತೊಡಗಿದ ಗಮ್ಮಿಗೆ ಮತ್ತೆ ನೀರು ಹೊಯ್ಯುವುದು ನಮ್ಮಲ್ಲಿ ಮಾಮೂಲು. ಹಾಗೆ ಮಾಡಿದ ಗಮ್ಮು ಹಿಡಿತ ಕಳೆದುಕೊಂಡಿರುತ್ತದೆ, ಚೆಲ್ಲಿಬಿಡಿ. 6 ಮಿ.ಮೀ. ಹಲ್ಲಿನ ಕರಣೆಯಿಂದ ಗೋಡೆಗೆ ಎಳೆದು, ಟೈಲಿನ ಬೆನ್ನಿಗೂ ತೆಳ್ಳಗೆ ಸವರಿ, ಒತ್ತಿ ತುಸು ಅಲುಗಿಸಿ ಕೂರಿಸಿ. ಒಮ್ಮೆಗೆ ಹತ್ತು ಚದರ ಅಡಿಗಿಂತ ಹೆಚ್ಚು ಎಳೆಯಬೇಡಿ. ಎಳೆದದ್ದನ್ನು ಬೆರಳಿನಿಂದ ಮುಟ್ಟಿ ನೋಡಿ: ಬೆರಳಿಗೆ ಹತ್ತಿದರೆ ಸರಿ, ಹತ್ತದಿದ್ದರೆ ಮೇಲೆ ಪೊರೆ ಕಟ್ಟಿದೆ, ಕೆರೆದು ಹಾಕಿ. ಬೇಸಿಗೆಯ ಮಧ್ಯಾಹ್ನ ನಿಮ್ಮೂರಿನ ಪಶ್ಚಿಮದ ಗೋಡೆಯಲ್ಲಿ ಹತ್ತು ನಿಮಿಷಕ್ಕೇ ಪೊರೆ ಬರುತ್ತದೆ. ಬೆಳಿಗ್ಗೆ ಪಶ್ಚಿಮ, ಸಂಜೆ ಪೂರ್ವ ಎಂದು ನೆರಳಿನ ಹಿಂದೆ ಹೋಗಿ ಕೆಲಸ ಮಾಡುವುದೇ ಲೇಸು. ಇಪ್ಪತ್ತೈದಕ್ಕೊಂದು ಟೈಲನ್ನು ಹಸಿಯಿರುವಾಗಲೇ ಕಿತ್ತು ನೋಡಿ. ಬೆನ್ನಿನ ತುಂಬ ಗಮ್ಮಿರಬೇಕು. ನಡುವೆ ಉಂಡೆ, ಮೂಲೆಗಳು ಖಾಲಿ ಎಂದಾದರೆ ಆ ಖಾಲಿಯಲ್ಲೇ ಮಳೆನೀರು ನಿಲ್ಲುತ್ತದೆ. ಸಂದಿಗೆ 10 ಎಂ.ಎಂ. ಕಂಬಿಯ ತುಂಡುಗಳನ್ನಿಟ್ಟರೆ ಸಾಕು, ಬೇರೆ ಸ್ಪೇಸರ್ ಕೊಳ್ಳಬೇಕಿಲ್ಲ.

ಪ್ರತಿ ಅಂತಸ್ತಿನ ಮೋಲ್ಡಿನ ಮಟ್ಟದಲ್ಲಿ ಅಡ್ಡಕ್ಕೆ ಒಂದು, ಉದ್ದದ ಗೋಡೆಯಲ್ಲಿ 10ರಿಂದ 15 ಅಡಿಗೊಂದು ಲಂಬವಾಗಿ, 10 ಮಿ.ಮೀ. ಸಂದನ್ನು ಗಾರೆ ತುಂಬದೆ ಬಿಡಬೇಕು. ಗೋಡೆ ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುವುದಕ್ಕೆ ಅದು ಜಾಗ. ಕೊನೆಗೆ ಫೋಮ್ ಹಗ್ಗ ತುರುಕಿ, ಗಾರೆಯ ಬಣ್ಣದ್ದೇ ಪಾಲಿಯುರಿಥೇನ್ ಸೀಲೆಂಟ್ ಎಳೆಯಿರಿ.

ಸಂದು ತುಂಬುವುದು ಎರಡು ದಿನ ಬಿಟ್ಟು. ಮೇಸ್ತ್ರಿಯ ಕೈ ತಪ್ಪುವುದು ಇಲ್ಲಿಯೇ. ಬಾತ್‌ರೂಮಿನಲ್ಲಿ ಗ್ರೌಟನ್ನು ಮೈತುಂಬ ಬಳಿದು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರಲ್ಲ, ಅದನ್ನು ಇಟ್ಟಿಗೆಗೆ ಮಾಡಿದರೆ ಸಿಮೆಂಟಿನ ಹಾಲು ರಂಧ್ರಗಳಿಗೆ ಇಳಿದು ಗೋಡೆಯೆಲ್ಲ ಬೂದಿ ಬಳಿದಂತಾಗುತ್ತದೆ. ದಪ್ಪ ಪ್ಲಾಸ್ಟಿಕ್ ಚೀಲದ ಮೂಲೆ ಕತ್ತರಿಸಿ, 1:3 ಗಾರೆಯನ್ನು ದೋಸೆ ಹಿಟ್ಟಿಗಿಂತ ತುಸು ಗಟ್ಟಿಯಾಗಿ ಕಲಸಿ ತುಂಬಿ, ಮೆಹಂದಿ ಕೋನಿನ ಹಾಗೆ ಸಂದಿನೊಳಗೆ ಹಿಂಡಿ. ಮುಂದಿನದು ಕಾಯುವ ಕೆಲಸ. ಹೆಬ್ಬೆರಳು ಒತ್ತಿದರೆ ಗುರುತು ಮೂಡಬೇಕು, ಬೆರಳಿಗೆ ಮಾತ್ರ ಹತ್ತಬಾರದು. ಆ ಹದಕ್ಕೆ 12 ಎಂ.ಎಂ. ಕಂಬಿಯನ್ನು ಬಗ್ಗಿಸಿಕೊಂಡು ಒತ್ತಿ ಎಳೆದರೆ ಸಂದು ಒಳಬಾಗಿ, ನುಣ್ಣಗೆ, ಗಟ್ಟಿಯಾಗುತ್ತದೆ. ಟೈಲಿನ ಮೇಲೆ ಬಿದ್ದ ಗಾರೆಯನ್ನು ಹಸಿಯಿರುವಾಗ ಮುಟ್ಟಬೇಡಿ. ಉದುರುವಷ್ಟು ಒಣಗಿದ ಮೇಲೆ ಒಣ ಬ್ರಷ್ಷಿನಿಂದ ಗುಡಿಸಿ. ಮೂರು ದಿನ ತುಂತುರು ನೀರು. ಪೈಪು ಹಿಡಿದು ತೊಯ್ಸಬೇಡಿ.

ಪ್ರಶ್ನೆ: ಟೈಲು ಹಾಕಿ ಮೂರೇ ತಿಂಗಳು. ಗೋಡೆಯ ಕೆಳಭಾಗದಲ್ಲಿ ಬಿಳಿ ಪುಡಿ ಬರುತ್ತಿದೆ. ತೊಳೆದರೆ ಹೋಗುತ್ತದೆ, ವಾರದೊಳಗೆ ಮತ್ತೆ ಹಾಜರು. ಆಸಿಡ್ ಹಾಕಿ ತೊಳೆಯಿರಿ ಎನ್ನುತ್ತಾರೆ. (ಚಿತ್ರದುರ್ಗ)

ಉತ್ತರ: ಅದು ಉಪ್ಪು. ಇಟ್ಟಿಗೆಯ ಮಣ್ಣಿನಲ್ಲಿ, ಸಿಮೆಂಟಿನಲ್ಲಿ, ಗಾರೆ ಕಲಸಿದ ಬೋರ್‌ವೆಲ್ ನೀರಿನಲ್ಲಿ ಇದ್ದ ಲವಣ ನೀರಿನಲ್ಲಿ ಕರಗಿ, ಹೊರಮೈಗೆ ಬಂದು, ನೀರು ಆರಿದಾಗ ಪುಡಿಯಾಗಿ ಉಳಿಯುತ್ತದೆ. ನೀವು ತೊಳೆದಾಗ ಅದು ಹೋಗಿಲ್ಲ. ಕರಗಿ ಮತ್ತೆ ಒಳಗೆ ಇಳಿದಿದೆ, ಅಷ್ಟೆ. ಒಣ ಬ್ರಷ್ಷಿನಿಂದ ಉಜ್ಜಿ ಪುಡಿಯನ್ನು ಮೊರದಲ್ಲಿ ಹಿಡಿದು ದೂರ ಚೆಲ್ಲಿ. ಬುಡಕ್ಕೆ ಬಿದ್ದದ್ದು ಮಳೆಗೆ ಕರಗಿ ಮತ್ತೆ ಏರುತ್ತದೆ.

ಹೊಸ ಗೋಡೆಗೆ ಒಂದೆರಡು ಋತು ಹೀಗಾಗಿ ತಾನೇ ನಿಂತರೆ ಚಿಂತೆಯಿಲ್ಲ. ನಿಮ್ಮದು ಕೆಳಭಾಗದಲ್ಲಿ ಮಾತ್ರ, ಅದೂ ವಾರಕ್ಕೊಮ್ಮೆ ಎಂದರೆ ಎಲ್ಲಿಂದಲೋ ದಿನಾ ನೀರು ಬರುತ್ತಿದೆ. ಗೋಡೆಗೆ ತಾಗಿಸಿದ ಹೂಕುಂಡ, ಸಂಪಿನ ಅಂಚು, ಎಸಿಯ ನೀರಿನ ಪೈಪು, ನೆಲಕ್ಕೆ ತಾಗಿದ ಮೊದಲ ಸಾಲು: ಇಷ್ಟನ್ನು ನೋಡಿ. ನೀರು ನಿಲ್ಲಿಸದೆ ಪುಡಿ ನಿಲ್ಲದು.

ಆಸಿಡ್ ಕೊನೆಯ ಮಾತು. ಅದು ಉಪ್ಪಿನ ಜೊತೆ ಸಂದಿನ ಸಿಮೆಂಟನ್ನೂ ತಿನ್ನುತ್ತದೆ, ಸರಿಯಾಗಿ ತೊಳೆಯದಿದ್ದರೆ ತಾನೇ ಹೊಸ ಉಪ್ಪು ಬಿಟ್ಟುಹೋಗುತ್ತದೆ. ನೀರಿಗೆ ಕರಗದ ಗಟ್ಟಿ ಬಿಳಿ ಹಕ್ಕಳೆ ಇದ್ದರೆ ಮಾತ್ರ, ಗೋಡೆಯನ್ನು ಮೊದಲು ಚೆನ್ನಾಗಿ ನೆನೆಸಿ, ಹತ್ತು ಪಾಲು ನೀರಿಗೆ ಒಂದು ಪಾಲು ಆಸಿಡ್ ಬೆರೆಸಿ, ಮೂಲೆಯಲ್ಲೊಂದು ಅಡಿ ಪ್ರಯೋಗಿಸಿ ನೋಡಿ. ಕೈಗವಸು, ಕನ್ನಡಕ ಬೇಕೇ ಬೇಕು. ಆಸಿಡನ್ನು ನೀರಿಗೆ ಹಾಕುವುದು, ನೀರನ್ನು ಆಸಿಡಿಗಲ್ಲ.

ಇನ್ನೂ ಕೊಳ್ಳದವರಿಗೆ ಒಂದು ಮಾತು. ಐದು ಟೈಲು ಮನೆಗೆ ತಂದು, ತಟ್ಟೆಯಲ್ಲಿ ಒಂದಿಂಚು ಶುದ್ಧ ನೀರು ಹಾಕಿ ನಿಲ್ಲಿಸಿ. ನೀರು ಪೂರ್ತಿ ಆರಿದ ಮೇಲೆ ಮತ್ತೊಮ್ಮೆ ಅಷ್ಟೇ ನೀರು ಹಾಕಿ ಆರಿಸಿ. ಬಿಳಿ ಮಚ್ಚೆ ಟೈಲಿನ ಹತ್ತನೇ ಒಂದು ಪಾಲಿನೊಳಗಿದ್ದರೆ ಪರವಾಗಿಲ್ಲ, ಅರ್ಧ ಮೈ ತುಂಬಿದರೆ ಬೇರೆ ಗೂಡು ಹುಡುಕಿ. ಇಟ್ಟಿಗೆಗೆ ಐಎಸ್ 3495 ಹೇಳುವ ಪರೀಕ್ಷೆಯ ಅಡುಗೆಮನೆ ರೂಪ ಇದು. ಜೊತೆಗೆ ಒಣಗಿದ ಟೈಲನ್ನು ತೂಗಿ, 24 ಗಂಟೆ ನೀರಲ್ಲಿಟ್ಟು, ಒರೆಸಿ ಮತ್ತೆ ತೂಗಿ. 1,000 ಗ್ರಾಮಿದ್ದದ್ದು 1,150ರೊಳಗಿದ್ದರೆ ಹೊರಗೋಡೆಗೆ ಆದೀತು. 1,200 ದಾಟಿದರೆ ಅದು ಅರೆಬೆಂದ ಮಾಲು.

ಪ್ರಶ್ನೆ: ಟಿ.ವಿ. ಹಿಂದಿನ ಗೋಡೆಗೆ ಹಾಕಿಸಬಹುದೇ? (ಮೈಸೂರು)

ಉತ್ತರ: ಧಾರಾಳವಾಗಿ. ಬಣ್ಣ, ಪುಟ್ಟಿ ತೆಗೆಯುವುದು ಮಾತ್ರ ಇಲ್ಲೂ ತಪ್ಪದು. ಟಿ.ವಿ.ಯ ಮೊಳೆ ಟೈಲಿಗಲ್ಲ, ಟೈಲು ದಾಟಿ ಗೋಡೆಗೆ ಹೋಗಬೇಕು. ಒಲೆಯ ಹಿಂದೆ ಹಾಕಿಸುವ ಯೋಚನೆಯಿದ್ದರೆ ಬಿಡಿ, ಒಗ್ಗರಣೆಯ ಎಣ್ಣೆ ಇಟ್ಟಿಗೆಯಿಂದ ಹೋಗುವುದಿಲ್ಲ.

ಪ್ರಶ್ನೆ: ನಮ್ಮ ಕರಾವಳಿಯ ಮಳೆಗೆ ಇಟ್ಟಿಗೆ ಹೊದಿಕೆ ತಡೆಯುತ್ತದೆಯೇ? ಪಡುದಿಕ್ಕಿನ ಗೋಡೆಯಲ್ಲಿ ಈಗಲೇ ಸ್ವಲ್ಪ ತೇವ ಇದೆ, ಟೈಲು ಹಾಕಿದರೆ ಅದೂ ನಿಲ್ಲಬಹುದೆಂದು ಯೋಚನೆ. (ಉಡುಪಿ)

ಉತ್ತರ: ನಿಲ್ಲುವುದಿಲ್ಲ, ಹೆಚ್ಚುತ್ತದೆ. ಹೊದಿಕೆ ಅಂದರೆ ನೀರು ತಡೆಯುವ ಪದರವಲ್ಲ, ಸೀರೆಯ ಮೇಲೆ ಹೊದ್ದ ಶಾಲು. ವರ್ಷಕ್ಕೆ 3,500 ಮಿ.ಮೀ.ಗೂ ಮೀರಿ ಮಳೆ ಸುರಿಯುವಲ್ಲಿ ಇಟ್ಟಿಗೆ ನೀರು ಹೀರಿಯೇ ಹೀರುತ್ತದೆ, ಹಿಂದಿನ ಗೋಡೆಯಲ್ಲಿ ಬಿರುಕಿದ್ದರೆ ಒಳಗೆ ಹಾಯುತ್ತದೆ. ಟೈಲು ಮುಚ್ಚಿದ ಮೇಲೆ ಆ ಬಿರುಕು ಹುಡುಕುವುದೂ ಕಷ್ಟ. ಮೊದಲು ತೇವದ ಮೂಲ ಸರಿಮಾಡಿ, ಗಾರೆಯ ಮೇಲೆ ಸಿಮೆಂಟು ಮೂಲದ ವಾಟರ್‌ಪ್ರೂಫ್ ಲೇಪ ಎರಡು ಕೈ ಹೊಡೆಸಿ. ಡಾಂಬರಿನಂಥ ಲೇಪ ಬೇಡ, ಅದರ ಮೇಲೆ ಗಮ್ಮು ನಿಲ್ಲದು.

ನಮ್ಮ ಅಭಿಪ್ರಾಯ ಕೇಳಿದರೆ, ಎರಡಡಿ ಮಾಡು ಚಾಚದ ಪಡುಗೋಡೆಗೆ ಹೊದಿಕೆಯೇ ಬೇಡ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಕರಾವಳಿಯಿದು. ಸುಟ್ಟ ಮಣ್ಣಿಗೆ ಇಲ್ಲಿ ಸಿಕ್ಕ ಕೆಲಸ ನೀರನ್ನು ಜಾರಿಸುವ ಇಳಿಜಾರಿನ ಮಾಡಿನಲ್ಲಿ. ನೆಟ್ಟಗೆ ನಿಂತು ಎರಚಲು ತಿನ್ನುವ ಗೋಡೆಯ ಕಥೆ ಬೇರೆ. ಜಗುಲಿಯೊಳಗಿನ ಗೋಡೆಗೆ, ಮೂಡುದಿಕ್ಕಿಗೆ ಹಾಕಿಸಿ, ಚೆನ್ನಾಗಿ ಬಾಳುತ್ತದೆ.

ಹಾಕಿಸಿದಲ್ಲಿ ಸಂದನ್ನು ಒಳಕ್ಕೆ ಕೊರೆದು ನೆರಳು ಬರಿಸುವ ಚಂದ ಬೇಡ; ಅಲ್ಲಿ ನೀರು ಕೂತು ಪಾಚಿ ಹಿಡಿಯುತ್ತದೆ. ಹೊಳಪಿನ ವಾರ್ನಿಷ್ ಅಂತೂ ಬೇಡವೇ ಬೇಡ. ಒಳಗಿನ ತೇವ ಹೊರಬರಲಾಗದೆ ಪದರ ಗುಳ್ಳೆಯೆದ್ದು ಬೆಳ್ಳಗಾಗುತ್ತದೆ. ಸಂದು ತುಂಬಿ ಒಂದು ತಿಂಗಳಾದ ಮೇಲೆ, ನಾಲ್ಕು ದಿನ ಬಿಸಿಲು ಕಂಡ ಗೋಡೆಗೆ ಸಿಲೇನ್-ಸಿಲೋಕ್ಸೇನ್ ದ್ರವ ಹೊಡೆಸಿ. ಅದು ನೀರನ್ನು ಕೆಸುವಿನೆಲೆಯ ಮೇಲಿನ ಹನಿಯಂತೆ ಉರುಳಿಸುತ್ತದೆ, ಆವಿಯನ್ನು ಮಾತ್ರ ಬಿಡುತ್ತದೆ. ಕೆಲವು ವರ್ಷಕ್ಕೊಮ್ಮೆ ನೀರು ಚಿಮುಕಿಸಿ ನೋಡಿ, ಹನಿ ಉರುಳದೆ ಗೋಡೆ ಕಪ್ಪಾದರೆ ಮತ್ತೆ ಹೊಡೆಸುವ ಕಾಲ ಬಂತು.

ಪ್ರಶ್ನೆ: ನಾವಿರುವ ಮನೆಯ ಹೊರಗೋಡೆ ಪೂರ್ತಿ ಇಟ್ಟಿಗೆ. ಬುಡದ ಸಾಲಿನಲ್ಲಿ ಎರಡೆರಡು ಅಡಿಗೆ ಗಾರೆಯಿಲ್ಲದ ಸಂದುಗಳಿವೆ, ಇರುವೆ, ಹಲ್ಲಿ ಒಳಗೆ ಹೋಗುತ್ತವೆ. ಕಟ್ಟಿದವರು ಮರೆತರೋ ಏನೋ. ಸಿಮೆಂಟು ಹಾಕಿ ಮುಚ್ಚಿಬಿಡಲೇ? (ಡಲ್ಲಾಸ್, ಅಮೆರಿಕ)

ಉತ್ತರ: ದಯವಿಟ್ಟು ಮುಚ್ಚಬೇಡಿ. ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ನಿಮ್ಮ ಮನೆಯನ್ನು ಹೊತ್ತಿರುವುದು ಇಟ್ಟಿಗೆಯಲ್ಲ, ಒಳಗಿನ ಮರದ ಚೌಕಟ್ಟು. ಇಟ್ಟಿಗೆ ಅದರ ಮುಂದೆ ಒಂದಿಂಚು ಖಾಲಿ ಬಿಟ್ಟು, ತನ್ನ ಪಾಡಿಗೆ ಪಾಯದ ಮೇಲೆ ನಿಂತ ಪರದೆ. ಲೋಹದ ಪಟ್ಟಿಗಳು ಅದನ್ನು ಮರಕ್ಕೆ ಹಿಡಿದಿಟ್ಟಿರುತ್ತವೆ. ಇಟ್ಟಿಗೆ ದಾಟಿ ಬಂದ ಮಳೆನೀರು ಆ ಖಾಲಿಯಲ್ಲಿ ಇಳಿದು, ನೀರನ್ನು ಹೊರಕ್ಕೆ ತಿರುಗಿಸಲು ಬುಡದಲ್ಲಿಟ್ಟ ಫ್ಲ್ಯಾಶಿಂಗ್ ಹಾಳೆಯ ಮೇಲೆ ಬಿದ್ದು, ಈ ಸಂದುಗಳಿಂದ ಆಚೆ ಹೋಗಬೇಕು. ಅಲ್ಲಿನ ವಸತಿ ಕಟ್ಟಡ ಸಂಹಿತೆಯ ಪ್ರಕಾರ ಇವು 33 ಇಂಚಿಗಿಂತ ದೂರ ಇರಕೂಡದು. ಮುಚ್ಚಿದರೆ ನೀರು ಒಳಗೇ ನಿಂತು ಮರ ಕೊಳೆಯುತ್ತದೆ, ಗೆದ್ದಲಿಗೂ ಅದೇ ಬೇಕು.

ಇರುವೆ, ಹಲ್ಲಿಗೆ ಮದ್ದು ಬೇರೆ: ಗಾಳಿ ನೀರು ಆಡುವ ಸ್ಟೇನ್‌ಲೆಸ್ ಜಾಲರಿಯ ತುಂಡು ಸಿಗುತ್ತದೆ, ಸಂದಿನೊಳಗೆ ತುರುಕಿ. ಗಿಡದ ಬುಡಕ್ಕೆ ಹಾಕಿದ ಮರದ ತೊಗಟೆ, ಮಣ್ಣು ಏರಿ ಸಂದು ಮುಚ್ಚಿಹೋಗದಂತೆ ನೋಡಿಕೊಳ್ಳಿ. ಕಿಟಕಿಗಳ ತಲೆಯ ಮೇಲೂ ಇಂಥವೇ ಸಂದುಗಳಿರುತ್ತವೆ, ಬಣ್ಣ ಬಳಿಯುವವರು ಅವಕ್ಕೆ ಕಾಲ್ಕ್ (ಸಂದು ಮುಚ್ಚುವ ಮೆತ್ತನೆ ಪೇಸ್ಟು) ತುಂಬಿ ಹೋಗುವುದುಂಟು. ಇನ್ನೊಂದು, ನಿಮ್ಮ ಸುತ್ತಲಿನ ಕಪ್ಪು ಜೇಡಿ ನಮ್ಮ ಗದಗ, ಧಾರವಾಡದ ಎರೆಮಣ್ಣಿನ ಜಾತಿಯದು. ನೆಂದರೆ ಉಬ್ಬಿ, ಒಣಗಿದರೆ ಬಿರಿಯುತ್ತದೆ. ಇಟ್ಟಿಗೆ ಸಂದುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಏರುತ್ತಿದ್ದರೆ ಗಾರೆ ಮೆತ್ತಿ ಸುಮ್ಮನಾಗದೆ ಪಾಯ ತೋರಿಸಿ.

ಪ್ರಶ್ನೆ: ಎರಡನೇ ಮಹಡಿಯಿಂದ ಎರಡು ಟೈಲು ಗೇಟಿನ ಬಳಿ ಬಿದ್ದವು. ಗುತ್ತಿಗೆದಾರರು ಆ ಎರಡನ್ನು ಮತ್ತೆ ಅಂಟಿಸಿ ಹೋದರು. ಅಷ್ಟು ಸಾಕೇ? (ಬೆಂಗಳೂರು)

ಉತ್ತರ: ಸಾಲದು. ಇವತ್ತೇ ಗೇಟಿನ ಆ ಭಾಗಕ್ಕೆ ಹಗ್ಗ ಕಟ್ಟಿ ಓಡಾಟ ನಿಲ್ಲಿಸಿ. ಬಳಿಕ ಸಾರ್ವೆ ಹಾಕಿಸಿ, ಮರದ ಸುತ್ತಿಗೆಯಿಂದ ಒಂದೊಂದೇ ಟೈಲನ್ನು ತಟ್ಟಿಸಿ, ಟೊಳ್ಳು ಎಂದದ್ದಕ್ಕೆಲ್ಲ ಸೀಮೆಸುಣ್ಣದ ಗುರುತು ಹಾಕಿಸಿ. ಗುರುತುಗಳ ಆಕಾರವೇ ರೋಗ ಹೇಳುತ್ತದೆ. ಅಡ್ಡಕ್ಕೆ ಬೀಮಿನ ಸಾಲಿನಲ್ಲಿ ಬಂದರೆ ಹಿಗ್ಗುವ ಸಂದು ಬಿಟ್ಟಿಲ್ಲ. ಪ್ಯಾರಪೆಟ್ಟಿನ ಕೆಳಗೆ ಗುಂಪಾಗಿದ್ದರೆ ಮೇಲಿನ ಬಿರುಕಿನಿಂದ ನೀರು ಇಳಿದಿದೆ. ಎಲ್ಲೆಂದರಲ್ಲಿ ಚೆಲ್ಲಾಪಿಲ್ಲಿಯಾಗಿದ್ದರೆ ಗಮ್ಮನ್ನು ಉಂಡೆ ಉಂಡೆಯಾಗಿ ಇಟ್ಟಿದ್ದಾರೆ. ಕಾರಣ ಸಿಕ್ಕಿದ ಮೇಲೆ ಗುರುತು ಹಾಕಿದ್ದನ್ನೆಲ್ಲ ಗಾರೆಯವರೆಗೆ ಕಿತ್ತು ಹೊಸದಾಗಿ ಹಾಕಿಸಿ. ಕಿತ್ತ ಟೈಲನ್ನೇ ತಿರುಗಿ ಬಳಸುವುದಾದರೆ ಬೆನ್ನಿನ ಹಳೆ ಗಮ್ಮನ್ನು ಗ್ರೈಂಡರಿನಿಂದ ಇಟ್ಟಿಗೆ ಕಾಣುವ ತನಕ ತೆಗೆಸಿರಬೇಕು.